ಮರಳು ಕೆದಕಬೇಡಿ

"ಎಲ್ಲರೂ ಒಮ್ಮೆ ಹೊರಗೆ ಹೋಗಿ. ನಾನೇ ಹುಡುಕ್ತೇನೆ," ಎಂದಳು ಅನಿಷಾ.

ಅವಳ ಕೈಯಲ್ಲಿ ಪಾಯಸದ ಸೌಟು ಇತ್ತು. ಎದುರಿಗಿದ್ದದ್ದು ಮಾತ್ರ ಪಾಯಸವಲ್ಲ. ಸೋಫಾದಷ್ಟು ಉದ್ದದ, ಉಪ್ಪುನೀರು ತುಂಬಿದ ಗಾಜಿನ ಟ್ಯಾಂಕ್. ಮೀನು ಹಾರದಂತೆ ಮೇಲೆ ಹೊದಿಸಿದ್ದ ಬಲೆಯನ್ನು ಅವಳು ಆಗಲೇ ಅರ್ಧ ಸರಿಸಿದ್ದಳು.

"ಮರಳು ಕೆದಕಬೇಡಿ ಅಕ್ಕ," ಎಂದ ಇಹ್ಸಾನ್.

"ನೋಡಿ, ಪುನಃ ಅದೇ ಮಾತು." ಅನಿಷಾ ಸೌಟನ್ನು ಅವನತ್ತ ತಿರುಗಿಸಿದಳು. "ಕದ್ದವನಲ್ಲದಿದ್ದರೆ ಇವನಿಗೆ ಮರಳಿನ ಮೇಲೆ ಇಷ್ಟು ಮಮತೆ ಯಾಕೆ, ಶೋಧನ್ ಅವರೇ?"

ಶೋಧನ್ ಗಾಜಿಗೆ ಮೂಗು ತಾಗಿಸಿ ಮರಳನ್ನು ನೋಡಿದ. ಮೂಡುಬಿದಿರೆಯ ಒಂದು ಮೊಬೈಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವನ ಪತ್ತೇದಾರಿ ಕಚೇರಿ. ಹೆಸರಿನಲ್ಲೇ ಶೋಧನೆ ಇದ್ದುದರಿಂದ ಬೇರೆ ಕೆಲಸ ಒಗ್ಗಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದ. ನಿಜಕ್ಕೆ ಇಷ್ಟು ವರ್ಷ ಅವನು ಶೋಧಿಸಿದ್ದು ಗಲ್ಫಿನ ವರರ ಚಾಳಿಯನ್ನು ಮಾತ್ರ.

ಬುಧವಾರ ಮಧ್ಯಾಹ್ನ ಶಿರ್ತಾಡಿಯ ಈ ಮನೆಗೆ ಹೊಸ ಮೀನು ಬಂದಿತ್ತು; ಅದೇ ಸಂಜೆ ದೇವರ ಕೋಣೆಯಿಂದ ಹೆಬ್ಬೆರಳಿನಷ್ಟಿದ್ದ ಸ್ಫಟಿಕದ ಜಿನಬಿಂಬ ಕಾಣೆಯಾಗಿತ್ತು. ಮೀನು ತಂದವನು ಇಹ್ಸಾನ್. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಅವನದ್ದು ಅಕ್ವೇರಿಯಂ ಅಂಗಡಿ. ಆ ದಿನ ಮನೆಗೆ ಬಂದ ಹೊರಗಿನವನು ಅವನೊಬ್ಬನೇ ಎಂದು ಎಲ್ಲರೂ ಹೇಳಿದ್ದರು.

ಅವನ ಮೇಲೆ ಮೊದಲ ಬೆರಳು ಎತ್ತಿದವನು ಶೋಧನೇ. "ಮರಳು ಕೆದಕಬೇಡಿ ಅಂತ ಹೇಳುವವನ ಮೇಲೆ ಕಣ್ಣಿಡಿ," ಎಂದು ಗುರುವಾರ ಅನಿಷಾಗೆ ಹೇಳಿದ್ದ. ಹೇಳಿ ಆ ಮಾತಿನ ಚಂದವನ್ನು ತಾನೇ ಮೆಚ್ಚಿಕೊಂಡಿದ್ದ.

ಇವತ್ತು ಶನಿವಾರ. ಆ ಚಂದದ ಮಾತು ಇಹ್ಸಾನನ ಕುತ್ತಿಗೆಗೆ ಸುತ್ತಿಕೊಂಡಿತ್ತು.

ಇಹ್ಸಾನನಿಗೆ ದುಬೈಯ ಒಂದು ದೊಡ್ಡ ಅಕ್ವೇರಿಯಂನಲ್ಲಿ ಕೆಲಸ ಸಿಕ್ಕಿತ್ತು. ಬಾಕಿ ಉಳಿದದ್ದು ಇವನ ಮೇಲೆ ಯಾವ ಕೇಸೂ ಇಲ್ಲ ಎಂಬ ಪೊಲೀಸರ ಪತ್ರ ಮಾತ್ರ. ಕಳ್ಳತನದ ಒಂದು ದೂರು ಬಿದ್ದರೆ ಆ ಪತ್ರವೂ ಇಲ್ಲ, ದುಬೈಯೂ ಇಲ್ಲ.

"ಅಕ್ಕ, ಮೀನು ಮರಳಿನ ಒಳಗೆ ಮಲಗಿದೆ," ಎಂದ ಅವನು. "ವ್ರಾಸ್ ಮೀನು ಹಾಗೆಯೇ. ದಿನಾ ಮಲಗುವುದೂ ಮರಳಿನಲ್ಲಿ, ಹೆದರಿದರೆ ಅಡಗುವುದೂ ಮರಳಿನಲ್ಲಿ. ಹೊಸ ಜಾಗ ಅಲ್ವಾ. ಕೆಲವು ಸಲ ವಾರದವರೆಗೂ ಹೊರಗೆ ಬರುವುದಿಲ್ಲ. ಸೌಟು ಹಾಕಿದರೆ ಅದರ ಹೊಟ್ಟೆ ಸೀಳಿಹೋಗ್ತದೆ."

"ಬುಧವಾರದಿಂದ ಮಣ್ಣಾದ ಮೀನು ಇನ್ನೂ ಬದುಕಿದೆಯಾ?"

"ಬದುಕಿದೆ. ಅದಕ್ಕೇ ಸಕ್ಕರೆಯ ಹಾಗಿನ ನಯ ಮರಳು ತಂದು ನಾಲ್ಕು ಬೆರಳು ದಪ್ಪ ಹಾಸಿದ್ದು."

ಅನಿಷಾ ನಕ್ಕಳು. ನಗು ಚೆನ್ನಾಗಿರಲಿಲ್ಲ. "ಅಡಗಿಸಲಿಕ್ಕೆ ಬೇಕಾದಷ್ಟು ದಪ್ಪ ಅಲ್ವಾ. ನಾಳೆ ಟ್ಯಾಂಕ್ ಕ್ಲೀನ್ ಮಾಡ್ತೇನೆ ಅಂತ ಬಂದು ಬಿಂಬವನ್ನು ಜೇಬಿಗೆ ಹಾಕಿದರೆ ಮುಗೀತು."

"ಅನಿಷಾ, ಸೌಟು ಕೆಳಗಿಡು."

ಇದು ಕಿಟಕಿಯ ಬಳಿಯ ಕುರ್ಚಿಯಿಂದ ಬಂದ ಸ್ವರ. ಅನಂತಮತಿ ಅಜ್ಜಿಯದು. ಒಂದು ಕಾಲದಲ್ಲಿ ಬಂಟ್ವಾಳದ ಶಾಲೆಯಲ್ಲಿ ಟೀಚರಾಗಿದ್ದವರು. ಏರಿಸದೆಯೇ ಕ್ಲಾಸಿನ ಕೊನೆಯ ಬೆಂಚು ಮುಟ್ಟುವ ಸ್ವರ.

"ಅದರೊಳಗೆ ಒಂದು ಜೀವ ಉಂಟು," ಎಂದರು ಅಜ್ಜಿ.

"ದೇವರಿಗಿಂತ ಮೀನು ದೊಡ್ಡದಾ ಅಜ್ಜಿ?"

"ಆ ದೇವರು ಹೇಳಿದ್ದೇ ಅದನ್ನಲ್ವಾ ಮಗಾ."

ಅನಿಷಾ ಸೌಟನ್ನು ಟೀಪಾಯಿಯ ಮೇಲೆ ಕುಕ್ಕಿ, ಸ್ಕೂಟರಿನ ಕೀ ಎತ್ತಿಕೊಂಡಳು. "ಹಾಗಾದರೆ ಮರಳನ್ನು ಪೊಲೀಸರೇ ಕೆದಕಲಿ. ನಾನು ಸ್ಟೇಷನ್ನಿಗೆ ಹೋಗ್ತೇನೆ. ಅಷ್ಟರೊಳಗೆ ಸಿಕ್ಕಿದರೆ ಫೋನ್ ಮಾಡಿ."

ಅವಳು ಹೋದಳು. ಅಂಗಳದಲ್ಲಿ ಇಹ್ಸಾನನ ಓಮ್ನಿ ವ್ಯಾನಿನ ಪಕ್ಕ ನಿಂತಿದ್ದ ಸ್ಕೂಟರ್ ಸ್ಟಾರ್ಟ್ ಆಗಲು ತುಸು ಹೆಚ್ಚೇ ಹೊತ್ತು ಹಿಡಿಯಿತು.

ಅವಳ ಗಂಡ ಸಮ್ಮೇದ್, ಅಂದರೆ ಅಜ್ಜಿಯ ಮೊಮ್ಮಗ ಮತ್ತು ಟ್ಯಾಂಕಿನ ಯಜಮಾನ, ಇಷ್ಟೂ ಹೊತ್ತು ಗಾಜಿನ ಆಚೆ ನಿಂತಿದ್ದ. ನೀರಿನ ಹಿಂದೆ ಅವನ ಮುಖ ಅಗಲವಾಗಿ ಕಾಣುತ್ತಿತ್ತು. ಬಾಯಿ ತೆರೆದು ಮುಚ್ಚುವುದರಲ್ಲಿ ಅವನು ಮೀನನ್ನು ಮೀರಿಸಿದ್ದ. ಮಾತು ಮಾತ್ರ ಒಂದೂ ಹೊರಗೆ ಬರಲಿಲ್ಲ.

ಟ್ಯಾಂಕಿನಲ್ಲಿ ಶಂಖಕ್ಕಿಂತ ಶಂಕೆ ಹೆಚ್ಚಿದೆ ಎಂದುಕೊಂಡ ಶೋಧನ್. ಗಟ್ಟಿಯಾಗಿ ಹೇಳಲು ಇದು ಹೊತ್ತಲ್ಲ.

"ಇಹ್ಸಾನ್, ಮೀನು ಹೊರಗೆ ಬಂದರೆ ಮರಳು ಕೆದಕಬಹುದಾ?"

"ಬಂದರೆ ನಾನೇ ಕೆದಕಿ ತೋರಿಸ್ತೇನೆ ಅಣ್ಣ. ಮೂಲೆ ಮೂಲೆ ತೋರಿಸ್ತೇನೆ."

"ಅದು ಎಂತಕ್ಕೆ ಹೊರಗೆ ಬರ್ತದೆ?"

"ಹಸಿವಾದರೆ."

"ಹಸಿವಾದರೆ ಎಂತ ತಿಂತದೆ?"

ಸಣ್ಣ ಪ್ರಶ್ನೆ. ಇಹ್ಸಾನ್ ಸಮ್ಮೇದನ ಮುಖ ನೋಡಿದ. ಸಮ್ಮೇದ್ ನೀರಿನ ಪಂಪಿನ ಮುಖ ನೋಡಿದ.

"ಪಾಚಿಯ ಗುಳಿಗೆ," ಎಂದ ಸಮ್ಮೇದ್. "ಪಾಲಕ್ ಸೊಪ್ಪು. ಎಲ್ಲ ಪ್ಯೂರ್ ವೆಜ್."

"ನಾನು ಕೇಳಿದ್ದು ಇಹ್ಸಾನನನ್ನು ಮಾರಾಯ."

"ಅವರು ಹೇಳಿದ್ದೇ ಅಣ್ಣ," ಎಂದ ಇಹ್ಸಾನ್, ನೆಲಕ್ಕೆ.

ಅಜ್ಜಿ ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದರು. "ಕತ್ತಲಾಗುವ ಮೊದಲೇ ಉಂಡು ಮಲಗುವ ಮೀನಂತೆ. ದೀಪ ಹಚ್ಚಿದ ಮೇಲೆ ಒಂದು ತುತ್ತೂ ಮುಟ್ಟುವುದಿಲ್ಲವಂತೆ. ಬುಧವಾರ ಇವನು ಹಾಗೆ ಹೇಳಿದಾಗ ನನಗೆ ಖುಷಿಯಾಯ್ತು. ನಮ್ಮ ಮನೆಗೆ ತಕ್ಕ ಮೀನು ಅಂತ."

ಸ್ವರದಲ್ಲಿ ಖುಷಿ ಇರಲಿಲ್ಲ. ಶೋಧನ್ ಅದನ್ನು ಗಮನಿಸಿದ. ಇನ್ನೊಬ್ಬರ ಸ್ವರವನ್ನು ಕದಿಯುವುದೇ ಅವನ ಹಳೆಯ ಚಟ. ಕದಿಯುವವನಿಗೆ ಸರಕಿನ ತೂಕ ಬೇಗ ಗೊತ್ತಾಗುತ್ತದೆ.

ಫೋನ್ ಬಂದವನಂತೆ ನಟಿಸಿ ಅವನು ಹಿಂಬಾಗಿಲಿನಿಂದ ಹೊರಗೆ ಬಂದ.

ಹಿತ್ತಲಲ್ಲಿ ಕಾರಿನ ಶೆಡ್ಡು. ಶೆಡ್ಡಿನ ಮೂಲೆಯಲ್ಲಿ ಒಂದು ಹಳೆಯ ಫ್ರಿಜ್ಜು. ಅದು ಕೆಟ್ಟುಹೋಗಿದೆ, ಪೇಂಟಿನ ಡಬ್ಬಿ ಇಡ್ತೇವೆ ಎಂದು ಸಮ್ಮೇದ್ ಮೊದಲ ದಿನವೇ ಹೇಳಿದ್ದ.

ಕೆಟ್ಟ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಅದರ ಬಾಗಿಲ ಬುಡದಲ್ಲಿ ಒಂದು ಬೂದು ಬೆಕ್ಕು ಕುಳಿತು, ರಬ್ಬರಿನ ಅಂಚನ್ನು ಶ್ರದ್ಧೆಯಿಂದ ನೆಕ್ಕುತ್ತಿತ್ತು. ಬೆಕ್ಕಿಗೆ ಪೇಂಟಿನ ಮೇಲೆ ಪ್ರೀತಿ ಹುಟ್ಟಿದ್ದನ್ನು ಶೋಧನ್ ಎಲ್ಲೂ ಕೇಳಿರಲಿಲ್ಲ.

ಅವನು ಬಾಗಿಲು ತೆರೆಯಲಿಲ್ಲ. ಸಮ್ಮೇದನನ್ನು ಕರೆದ.

ಇಬ್ಬರೂ ಮೂಡುಬಿದಿರೆಯ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಸಮ್ಮೇದ್ ನೋಟ್ಸ್ ಬರೆಯುತ್ತಿದ್ದ. ಶೋಧನ್ ಅದನ್ನು ನಕಲು ಮಾಡಿ, ಬರೆಸಿದ ಲೆಕ್ಚರರನ್ನೂ ನಕಲು ಮಾಡುತ್ತಿದ್ದ.

"ಎಂತ ಮಾರಾಯ?" ಸಮ್ಮೇದ್ ಶೆಡ್ಡಿನ ಕಂಬ ಹಿಡಿದು ನಿಂತ. ಬೆಕ್ಕನ್ನು ನೋಡಿದ. ಕಂಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ನಿನ್ನ ಹೇಳಿಕೆ ಇನ್ನೊಮ್ಮೆ ಕೇಳುವ ಅಂತ."

"ಹೇಳಿಯಾಯ್ತಲ್ಲ."

"ನೀನು ಹೇಳ್ಬೇಡ. ಕೇಳು." ಶೋಧನ್ ಗಂಟಲು ಸರಿಮಾಡಿಕೊಂಡ. ಆಮೇಲೆ ಶೆಡ್ಡಿನಲ್ಲಿ ಇಬ್ಬರು ಸಮ್ಮೇದರಿದ್ದರು. "‘ಬುಧವಾರ ಮಧ್ಯಾಹ್ನ ನಾನು... ಮೇಲೆ ಮಾಳಿಗೆಯಲ್ಲಿ... ಮಲಗಿದ್ದೆ ಮಾರಾಯ.’"

‘ನಾನು’ ಆದ ಮೇಲೆ ಉಗುಳು ನುಂಗಿದ್ದು, ‘ಮಾಳಿಗೆ’ಯ ಹತ್ತಿರ ಮೂಗಿನ ತುದಿ ತುರಿಸಿಕೊಂಡದ್ದು, ಕೊನೆಗೆ ಬೇಡದಿದ್ದರೂ ಬಂದ ಒಂದು ನಗು. ಒಂದೂ ಬಿಟ್ಟಿರಲಿಲ್ಲ. ಬೆಕ್ಕು ನೆಕ್ಕುವುದು ನಿಲ್ಲಿಸಿ ಒಬ್ಬನಿಂದ ಇನ್ನೊಬ್ಬನತ್ತ ನೋಡಿತು.

"ಹಾಗೆ ಮಾಡ್ಬೇಡ," ಎಂದ ಸಮ್ಮೇದ್.

"ನಾನು ಮಾಡಿದ್ದಲ್ಲ, ನೀನು ಮಾಡಿದ್ದು. ಈಗ ಇಹ್ಸಾನನದ್ದು ಕೇಳು. ‘ನಾನು ಟ್ಯಾಂಕಿನ ಹತ್ತಿರ ಒಬ್ಬನೇ ಇದ್ದೆ ಅಣ್ಣ.’ ಒಬ್ಬನೇ ಅನ್ನುವಾಗ ಅವನ ಸ್ವರ ಇಳಿತದೆ. ನಾನು ಅನ್ನುವಾಗ ನೀನು ನುಂಗ್ತಿ. ಇಬ್ಬರಿಗೂ ಗಂಟಲು ಕಟ್ಟುವುದು ಒಂದೇ ಜಾಗದಲ್ಲಿ."

ಸಮ್ಮೇದ್ ಕಂಬ ಬಿಟ್ಟ.

"ಬಾಗಿಲು ನೀನು ತೆಗೀತಿಯಾ, ಬೆಕ್ಕಿನತ್ರ ತೆಗೆಸುವುದಾ?"

ಸಮ್ಮೇದ್ ಫ್ರಿಜ್ಜಿನ ಬಾಗಿಲು ತೆರೆದ. ಒಳಗೆ ಒಂದು ಐಸ್‌ಕ್ರೀಂ ಡಬ್ಬಿ. ಡಬ್ಬಿಯಲ್ಲಿ ಐಸ್ ಇತ್ತು, ಕ್ರೀಂ ಇರಲಿಲ್ಲ. ಸಿಪ್ಪೆ ಸುಲಿದು ಸಣ್ಣಗೆ ಹೆಚ್ಚಿದ ಸಿಗಡಿ.

ಗುರುವಾರದಿಂದ ಸಾಕ್ಷಿ ಸಿಗಲಿಲ್ಲ ಎಂದು ತಲೆ ಕೆಡಿಸಿಕೊಂಡವನಿಗೆ ಸಿಕ್ಕಿದ್ದು ಸಿಗಡಿ. ಅದೇ ಸಾಕ್ಷಿಯೂ ಆಗಿತ್ತು.

"ಅದು ಸೊಪ್ಪು ತಿನ್ನುವ ಮೀನಲ್ಲ," ಎಂದ ಸಮ್ಮೇದ್. "ಹುಳ, ಸಣ್ಣ ಶಂಖದ ಹುಳ, ಸಿಗಡಿ. ಬೇರೆ ಎಂತ ಕೊಟ್ಟರೂ ಬಡವಾಗಿ ಸಾಯ್ತದೆ ಅಂತ ಇಹ್ಸಾನ್ ಮೊದಲೇ ಹೇಳಿದ್ದ. ಬೇಡ ಅಂತಲೂ ಹೇಳಿದ್ದ. ನನಗೆ ಆ ಹಳದಿ ಬಣ್ಣ ನೋಡಿ ತಡೀಲಿಕ್ಕೆ ಆಗಲಿಲ್ಲ."

"ಬುಧವಾರ?"

"ಮೀನನ್ನು ಬಿಟ್ಟ ಕೂಡಲೇ ಇಬ್ಬರೂ ಇಲ್ಲಿಗೆ ಬಂದೆವು. ಸಿಗಡಿ ಹೆಚ್ಚುವುದು ಹೇಗೆ ಅಂತ ಅವನೇ ತೋರಿಸಿಕೊಟ್ಟ. ಹೊರಡುವವರೆಗೂ ಇಲ್ಲೇ ಇದ್ದ. ಅವನನ್ನು ವ್ಯಾನ್ ಹತ್ತಿಸಿ ಗೇಟ್ ಹಾಕಿದವನೂ ನಾನೇ."

"ಅಂದರೆ ಅವನು ದೇವರ ಕೋಣೆಯ ಕಡೆಗೇ ಹೋಗಿಲ್ಲ. ಅದು ನಿನಗೆ ಮೊದಲ ದಿನದಿಂದ ಗೊತ್ತು."

"ಗೊತ್ತು."

"ನಿನ್ನ ಹೆಂಡತಿ ಅವನ ಹೆಸರು ಹಿಡಿದು ಸ್ಟೇಷನ್ನಿಗೆ ಹೋಗುವಾಗಲೂ ಗೊತ್ತಿತ್ತು."

"ಗೊತ್ತಿತ್ತು ಮಾರಾಯ." ಸಮ್ಮೇದನ ಸ್ವರ ಒಡೆಯಿತು. "ಹೇಳಿದರೆ ಇದನ್ನೂ ಹೇಳ್ಬೇಕಲ್ಲ. ಅಜ್ಜಿ ಬಟಾಟೆ ಕೂಡ ಮುಟ್ಟುವವರಲ್ಲ. ಅಂಥವರ ಮನೆಗೆ, ದೇವರಿರುವ ಮನೆಗೆ, ನಾನು ಇದನ್ನು... ಹೇಗೆ ಹೇಳುವುದು?"

"ಇಹ್ಸಾನ್ ಯಾಕೆ ಬಾಯಿ ಬಿಡಲಿಲ್ಲ?"

"ನಾನು ಮಾತು ತಗೊಂಡಿದ್ದೆ. ಅವನ ಉಮ್ಮ ನಬೀಸಾ ಶಾಲೆಯಲ್ಲಿ ನಮ್ಮ ಅಜ್ಜಿಯ ಶಿಷ್ಯೆ. ಟೀಚರಿಗೆ ನೋವಾಗುವ ಕೆಲಸ ಮಾಡ್ಬೇಡ ಅಂತ ಅವರೂ ಹೇಳಿದ್ದಾರಂತೆ. ಅವನು ಎರಡೂ ಕಡೆ ಸಿಕ್ಕಿಬಿದ್ದ."

ಶೋಧನ್ ಬೈಯಲೆಂದು ಬಾಯಿ ತೆರೆದ. ಬಂದದ್ದು ಗಾಳಿ ಮಾತ್ರ. ಇವನು ತನ್ನ ಮಾನಕ್ಕಾಗಿ ಒಬ್ಬನನ್ನು ಬಿಟ್ಟುಕೊಟ್ಟಿದ್ದ. ತಾನು ಅದೇ ಮನುಷ್ಯನನ್ನು ಒಂದು ಚಂದದ ವಾಕ್ಯಕ್ಕಾಗಿ ಹಿಡಿದುಕೊಟ್ಟಿದ್ದ. ಯಾರು ಹೆಚ್ಚು ಅಗ್ಗಕ್ಕೆ ಮಾರಿದ್ದು ಎಂದು ಲೆಕ್ಕ ಹಾಕುವ ಧೈರ್ಯ ಅವನಿಗಾಗಲಿಲ್ಲ.

"ಡಬ್ಬಿ ತಗೋ. ಒಳಗೆ ಹೋಗುವ."

"ಅಜ್ಜಿಯ ಎದುರಾ?"

"ಅಜ್ಜಿಯ ಎದುರೇ. ಮೀನೂ ಹೊರಗೆ ಬರ್ಬೇಕು, ನೀನೂ ಬರ್ಬೇಕು."

ಸಮ್ಮೇದ್ ಡಬ್ಬಿ ಹಿಡಿದು ಚಾವಡಿಯ ಹೊಸ್ತಿಲಲ್ಲಿ ನಿಂತ. ಡಬ್ಬಿಯ ಹೊರಗೆ ನೀರು ಹನಿಯುತ್ತಿತ್ತು. "ಅಜ್ಜಿ," ಎಂದ. ಆಮೇಲೆ ಪುನಃ "ಅಜ್ಜಿ," ಎಂದ.

ಅವನ ಸ್ವರದಲ್ಲೇ ಉಳಿದದ್ದನ್ನು ಹೇಳಿ ಮುಗಿಸಿಬಿಡುವ ಎಂದು ಶೋಧನನ ನಾಲಿಗೆ ತುರಿಸಿತು. ಹಲ್ಲು ಕಚ್ಚಿ ತಡೆದುಕೊಂಡ. ಇದನ್ನು ನಕಲಿನಲ್ಲಿ ಹೇಳಲಾಗದು.

"ಅಜ್ಜಿ, ಇದು ಎಟ್ಟಿ." ಸಿಗಡಿಗೆ ಮನೆಯ ತುಳು ಹೆಸರೇ ಬಂತು ಬಾಯಿಗೆ. "ಮೀನಿಗೆ ತಂದದ್ದು. ಬುಧವಾರ ಮೀನು ಬಿಟ್ಟ ಮೇಲೆ ಇಹ್ಸಾನ್ ನನ್ನ ಜೊತೆ ಶೆಡ್ಡಿನಲ್ಲಿದ್ದ. ನಾನು ಮಲಗಿದ್ದೆ ಅಂದದ್ದು ಸುಳ್ಳು."

ಇಹ್ಸಾನ್ ಮುಂದೆ ಬಂದ. "ತಪ್ಪು ನನ್ನದೂ ಉಂಟು ಅಜ್ಜಿ. ಪಾಚಿ ತಿನ್ನುವ ಮೀನೇ ಕೊಡಬಹುದಿತ್ತು. ಇವರು ಕೇಳಿದರು ಅಂತ ಕೊಟ್ಟುಬಿಟ್ಟೆ."

ಅಜ್ಜಿ ಡಬ್ಬಿಯನ್ನು ನೋಡಿ, ಟ್ಯಾಂಕನ್ನು ನೋಡಿದರು. ಕೊನೆಗೆ, "ಹಸಿದ ಜೀವದ ಎದುರು ನಿಂತು ಭಾಷಣ ಮಾಡ್ತೀರಲ್ಲ ನೀವು," ಎಂದರು. "ಮೊದಲು ಅದಕ್ಕೆ ಕೊಡಿ."

ಎಂದವರು ಮುಖವನ್ನು ಕಿಟಕಿಯತ್ತ ತಿರುಗಿಸಿಕೊಂಡರು.

ಇಹ್ಸಾನ್ ಡಬ್ಬಿಯ ಕರಗಿದ ನೀರನ್ನು ಡ್ರಾಪರಿನಲ್ಲಿ ಎಳೆದು, ಮರಳಿಗೆ ತಾಗುವಂತೆ ಮೆಲ್ಲಗೆ ಬಿಟ್ಟ. ಬಿಳಿ ಮೋಡದಂಥದ್ದೊಂದು ನೀರಿನಲ್ಲಿ ಹರಡಿತು. ಕಲ್ಲಿನ ಸಂದಿಯ ಸಣ್ಣ ಏಡಿ ಮೊದಲು ಬಂತು. ಮೀನು ಬರಲಿಲ್ಲ.

"ಸತ್ತಿದೆಯಾ?" ಎಂದ ಸಮ್ಮೇದ್, ಪಿಸುಮಾತಿನಲ್ಲಿ.

"ಸುಮ್ಮನಿರಿ."

ಬಲಮೂಲೆಯಲ್ಲಿ ಮರಳಿನ ಒಂದು ಗುಪ್ಪೆ ಜಾರಿತು. ಅಲ್ಲಿ ಒಂದು ಚೂಪು ಮೂತಿ ಕಾಣಿಸಿತು. ಆಮೇಲೆ ಒಂದು ಕಣ್ಣು. ಆ ಕಣ್ಣು ಇತ್ತ ತಿರುಗಿತು, ಅತ್ತ ತಿರುಗಿತು, ಚಾವಡಿಯಲ್ಲಿ ಇದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿತು. ನೋಡಿಸಿಕೊಳ್ಳುವಷ್ಟು ನೆಮ್ಮದಿಯವರು ಅಲ್ಲಿ ಯಾರೂ ಇರಲಿಲ್ಲ.

ತಟ್ಟನೆ ಮರಳು ಸಿಡಿಯಿತು. ಅರಸಿನದ ಕೊಂಬಿನಂಥ ಮೀನು ಮೇಲೆ ಬಂದು, ಒಂದು ಚೂರು ಸಿಗಡಿ ಕಚ್ಚಿ, ಟ್ಯಾಂಕಿನ ಉದ್ದಕ್ಕೂ ಒಂದು ಸುತ್ತು ಹೊಡೆಯಿತು. ಮರಳಿಗೆ ಹೋದದ್ದು ಮರಳಿ ಬಂದಿತ್ತು.

ಇಹ್ಸಾನನ ಭುಜ ಸಡಿಲವಾಯಿತು. ಬುಧವಾರದ ಮೇಲೆ ಅವನು ಮೊದಲ ಸಲ ಸರಿಯಾಗಿ ಉಸಿರಾಡಿದಂತೆ ಕಂಡಿತು.

ಮೀನು ಒಂದು ತುದಿಯಲ್ಲಿ ತಿನ್ನುತ್ತಿರುವಾಗ ಅವನು ಇನ್ನೊಂದು ತುದಿಯಿಂದ ಬೆರಳು ಹಾಕಿ ಮರಳನ್ನು ಬಾಚಿದ, ತಾಯಿ ಮಗುವಿನ ತಲೆ ಬಾಚುವ ಹಾಗೆ. ಗಾಜಿನ ತಳ ಕಾಣುವವರೆಗೆ ಬಾಚಿದ. ಸಿಕ್ಕಿದ್ದು ಚಿಪ್ಪಿನ ಚೂರುಗಳು. ಸ್ಫಟಿಕವಿಲ್ಲ.

"ಇಲ್ಲಿ ಇಲ್ಲ," ಎಂದ ಶೋಧನ್. "ಇಹ್ಸಾನ್ ತೆಗೆದದ್ದೂ ಅಲ್ಲ. ಹಾಗಾದರೆ ಇನ್ನು ಎಲ್ಲಿ ಹುಡುಕುವುದು?"

"ಹುಡುಕುವುದು ಬೇಡ," ಎಂದರು ಅಜ್ಜಿ. "ಬಿಂಬವನ್ನು ಇಲ್ಲಿಂದ ಕಳಿಸಿದ್ದು ನಾನೇ."

ಪಂಪಿನ ಸದ್ದು ಒಮ್ಮೆಲೇ ಜೋರಾದಂತೆ ಕೇಳಿಸಿತು.

"ಬುಧವಾರ ಹೂ ಕೊಯ್ಯಲಿಕ್ಕೆ ಹಿತ್ತಲಿಗೆ ಹೋಗಿದ್ದೆ. ಎಟ್ಟಿಯ ವಾಸನೆ ನನಗೆ ಗೊತ್ತಾಗುವುದಿಲ್ಲ ಅಂದುಕೊಂಡಿರಾ? ನನ್ನ ಶಾಲೆ ಇದ್ದದ್ದು ಮೀನು ಮಾರ್ಕೆಟಿನ ಪಕ್ಕ." ಅಜ್ಜಿ ತಮ್ಮ ಕೈಯನ್ನೇ ನೋಡುತ್ತಾ ಮಾತಾಡಿದರು. "ದೇವರನ್ನು ಅಂಥ ಜಾಗದಲ್ಲಿ ಇಡುವುದು ಹೇಗೆ? ಆದಿರಾಜನಿಗೆ ಫೋನ್ ಮಾಡಿದೆ. ಶಿರ್ತಾಡಿ ಪೇಟೆಯಲ್ಲೇ ಇದ್ದ. ನೀವಿಬ್ಬರು ಶೆಡ್ಡಿನಲ್ಲಿ ಇರುವಾಗಲೇ ಮುಂಬಾಗಿಲಿನಿಂದ ಬಂದು ತೆಗೆದುಕೊಂಡು ಹೋದ. ಶುದ್ಧ ಮಾಡಿಸಿ ತಾ ಅಂದಿದ್ದೆ."

ಆದಿರಾಜ ಅಜ್ಜಿಯ ತಮ್ಮ. ಬೆಳ್ತಂಗಡಿ ಕಡೆ, ವೇಣೂರಿನಲ್ಲಿ ವಾಸ. ಮನೆಯ ಪೂಜೆಗೆಲ್ಲ ಬರುತ್ತಿದ್ದವರು ಅವರೇ.

"ಒಂದು ಮಾತು ಹೇಳ್ಬಹುದಿತ್ತಲ್ಲ ಅಜ್ಜಿ," ಎಂದ ಸಮ್ಮೇದ್.

"ಹೇಳಿದ್ದರೆ ಅನಿಷಾನ ಎದುರು ನಿನ್ನ ಮುಖ ಎಲ್ಲಿ ಇಡ್ತಿದ್ದೆ? ಅವಳ ತವರಿಗೆ ಸುದ್ದಿ ಹೋದರೆ? ನೀನೇ ಬಂದು ಹೇಳ್ತಿ ಅಂತ ಕಾದೆ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ. ನಾನು ಯಾರಿಗೂ ಸುಳ್ಳು ಹೇಳಲಿಲ್ಲ. ಮಾತಾಡಲಿಲ್ಲ, ಅಷ್ಟೆ."

ಅವರು ಇಹ್ಸಾನನತ್ತ ತಿರುಗಿದರು.

"ಅಷ್ಟೆ ಅಂದುಕೊಂಡಿದ್ದೆ ಮಗಾ. ನಬೀಸಾಳ ಮಗ ಕಳ್ಳ ಅನಿಸಿಕೊಳ್ಳುವಾಗ ನಾನು ಈ ಕುರ್ಚಿಯಲ್ಲಿ ಕೂತಿದ್ದೆ. ಮೀನಿನ ಜೀವಕ್ಕಾಗಿ ನನಗೆ ಬಾಯಿ ಬಂತು. ನಿನಗಾಗಿ ಬರಲಿಲ್ಲ."

"ಹಾಗೆ ಕೈ ಮುಗಿಬೇಡಿ ಅಜ್ಜಿ," ಎಂದ ಇಹ್ಸಾನ್. ಅವನ ಕೈಯಿಂದ ಉಪ್ಪುನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಸಮ್ಮೇದ್ ಅನಿಷಾಗೆ ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಪುನಃ ಮಾಡಿದ. ಎತ್ತಲಿಲ್ಲ.

"ಆದಿರಾಜರಿಗೆ ಮಾಡು," ಎಂದ ಶೋಧನ್. "ಬಿಂಬ ಅವರ ಹತ್ತಿರ ಉಂಟು ಅಂತ ಅವರ ಬಾಯಿಯಿಂದಲೇ ಸ್ಟೇಷನ್ನಿಗೆ ಹೇಳಿಸುವ."

"ಗುರುವಾರದಿಂದ ಅವನಿಗೆ ಮೌನ ವ್ರತ," ಎಂದರು ಅಜ್ಜಿ. "ಇವತ್ತು ಮಧ್ಯಾಹ್ನಕ್ಕೆ ಮುಗಿದಿರ್ಬೇಕು."

ಮುಗಿದಿತ್ತು. ಸ್ಪೀಕರಿನಲ್ಲಿ ಆದಿರಾಜರ ಸ್ವರ ತುಂಬ ಉತ್ಸಾಹದಲ್ಲಿತ್ತು. ಆಡದೆ ಉಳಿದ ಮಾತೆಲ್ಲ ಸಾಲಾಗಿ ನಿಂತಿದ್ದಿರಬೇಕು.

"ಹೇಳಕ್ಕ. ನಾನೇ ಮಾಡುವವ ಇದ್ದೆ. ಎಂತ, ಬಿಂಬವನ್ನು ಇಟ್ಟು ಪೂಜೆ ಶುರು ಮಾಡಿದಿರಾ?"

"ಬಿಂಬ ನಿನ್ನತ್ರ ಅಲ್ವಾ ಉಂಟು?"

"ನನ್ನತ್ರ ಎಲ್ಲಿ? ಗುರುವಾರ ಬೆಳಿಗ್ಗೆಯೇ ತಂದುಕೊಟ್ಟೆನಲ್ಲ. ವ್ರತಕ್ಕೆ ಕೂರುವ ಮೊದಲು ಮುಗಿಸುವ ಅಂತ. ನೀನು ಬಸದಿಗೆ ಹೋಗಿದ್ದಿ. ಅನಿಷಾನ ಕೈಯಲ್ಲಿ ಕೊಟ್ಟೆ, ಪಟ್ಟೆ ಬಟ್ಟೆಯಲ್ಲಿ ಸುತ್ತಿ. ಅವಳು ಹೇಳಲಿಲ್ವಾ?"

ಸಮ್ಮೇದ್ ಕರೆ ಕಡಿದ. ಶೋಧನ್ ಮನಸ್ಸಿನಲ್ಲೇ ದಿನಗಳನ್ನು ತಿರುವಿದ. ಗುರುವಾರ ಬೆಳಿಗ್ಗೆ ಬಿಂಬ ಅನಿಷಾಳ ಕೈ ಸೇರಿತ್ತು. ಗುರುವಾರ ಸಂಜೆ ಅವಳು ಅವನ ಕಚೇರಿಯ ಮೆಟ್ಟಿಲು ಹತ್ತಿ, ಬಿಂಬ ಹುಡುಕಿಕೊಡಿ ಎಂದು ಅತ್ತಿದ್ದಳು.

ಅಷ್ಟರಲ್ಲಿ ಇಹ್ಸಾನನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಒದ್ದೆ ಕೈಯಲ್ಲಿ ತೆಗೆಯಲಾಗದೆ ಅವನು ಶೋಧನನತ್ತ ವಾಲಿದ. ಶೋಧನ್ ಅದನ್ನು ಎಳೆದು ಹೆಸರು ನೋಡಿದ. ಸ್ಪೀಕರ್ ಒತ್ತಿದ.

"ಇಹ್ಸಾನ್, ಎಂತ ಕೇಳ್ಬೇಡಿ." ಅನಿಷಾಳ ಸ್ವರ, ಹಿಂದೆ ಗಾಳಿ, ಬಸ್ಸಿನ ಹಾರ್ನು. "ನಿಮ್ಮ ಓಮ್ನಿಯ ಹಿಂದಿನ ಬಾಗಿಲು ತೆಗೀರಿ. ಉಪ್ಪಿನ ಚೀಲದ ಅಡಿಯಲ್ಲಿ ಉಂಟು. ಈಗಲೇ ತೆಗೆದು ಬೇರೆ ಎಲ್ಲಾದರೂ ಇಡಿ. ಜೀಪು ಶಿರ್ತಾಡಿ ಪೇಟೆ ದಾಟಿಯಾಯ್ತು, ನಾನು ಹಿಂದೆ ಉಳಿದಿದ್ದೇನೆ. ನನ್ನಿಂದ ಆಗುವುದಿಲ್ಲ ಇದು. ಬೇಗ."

ಕರೆ ಕಡಿಯಿತು.

ಎಲ್ಲರೂ ಅಂಗಳಕ್ಕೆ ಓಡಿದರು. ಇಹ್ಸಾನ್ ವ್ಯಾನಿನ ಹಿಂದೆ ಹೋಗಿ, ಮೊಣಕೈಯಿಂದ ಬಾಗಿಲು ಎತ್ತಿ, ಅಲ್ಲೇ ನಿಂತುಬಿಟ್ಟ. ಎರಡು ಕೈಗಳನ್ನೂ ಮೈಯಿಂದ ದೂರ ಹಿಡಿದಿದ್ದ.

"ತೆಗೀ ಮಾರಾಯ," ಎಂದ ಶೋಧನ್.

"ನಾನು ಮುಟ್ಟುವುದು ಹೇಗೆ ಅಣ್ಣ? ಕೈಯಲ್ಲಿ ಸಿಗಡಿ ಉಂಟು."

ಸಮ್ಮೇದ್ ತನ್ನ ಕೈ ನೋಡಿಕೊಂಡ. ಡಬ್ಬಿ ಹಿಡಿದ ಕೈ. ಅದೂ ಮುಂದೆ ಹೋಗಲಿಲ್ಲ.

ಶೋಧನ್ ಬಾಗಿದ. ಅವನ ಭುಜದ ಮೇಲೆ ಒಂದು ಹಗುರ ಕೈ ಬಿತ್ತು. ಅಜ್ಜಿ ಬರಿಗಾಲಲ್ಲಿ ಮೆಟ್ಟಿಲಿಳಿದು ಬಂದಿದ್ದರು. "ಆಚೆ ಸರಿ. ಇದು ನಾನು ಎತ್ತಬೇಕಾದದ್ದು," ಎಂದರು. ಉಪ್ಪಿನ ಚೀಲದ ಅಡಿಗೆ ಕೈ ತೂರಿಸಿ, ಕೆಂಪು ರೇಷ್ಮೆಯ ಪುಟ್ಟ ಗಂಟನ್ನು ಹೊರಗೆ ತೆಗೆದು ಎದೆಗೆ ಹಿಡಿದುಕೊಂಡರು.

ಅದೇ ಹೊತ್ತಿಗೆ ಜೀಪು ಗೇಟಿನೊಳಗೆ ಬಂತು.

ಎಸ್.ಐ. ಧರ್ಣಪ್ಪ ನಿಧಾನವಾಗಿ ಇಳಿದರು. ಓಮ್ನಿಯ ತೆರೆದ ಬಾಗಿಲನ್ನು ನೋಡಿದರು, ಒದ್ದೆ ಕೈಯ ಇಹ್ಸಾನನನ್ನು ನೋಡಿದರು, ಅಜ್ಜಿಯ ಕೈಯ ಗಂಟನ್ನು ನೋಡಿದರು.

"ನಮಸ್ಕಾರ ಅಮ್ಮ. ಎಂತ ಅದು?"

"ನಮ್ಮ ಮನೆಯ ಬಿಂಬ."

"ಎಲ್ಲಿ ಸಿಕ್ಕಿತು?"

"ಇಹ್ಸಾನನ ವ್ಯಾನಿನಲ್ಲಿ."

ಇಹ್ಸಾನ್ ಕಣ್ಣು ಮುಚ್ಚಿಕೊಂಡ. ಜೀಪಿನ ಹಿಂದೆ ಒಂದು ಸ್ಕೂಟರ್ ಬಂದು ನಿಂತಿತು. ಅನಿಷಾ ಹೆಲ್ಮೆಟ್ ತೆಗೆಯಲಿಲ್ಲ.

"ಹಾಗಾದರೆ ದೂರು ಸರಿಯಾಗಿಯೇ ಉಂಟಲ್ಲ," ಎಂದರು ಧರ್ಣಪ್ಪ. "ಇದನ್ನು ಇಲ್ಲಿ ಇಟ್ಟವರು ಯಾರು ಅಂತ ನಿಮಗೆ ಗೊತ್ತುಂಟಾ ಅಮ್ಮ?"

ಅಜ್ಜಿ ಮೊಮ್ಮಗನ ಹೆಂಡತಿಯನ್ನು ನೋಡಿದರು. ನಬೀಸಾಳ ಮಗನನ್ನು ನೋಡಿದರು. ನಿಜ ಹೇಳಿದರೆ ಒಬ್ಬಳು ಸಿಕ್ಕಿಬೀಳುತ್ತಾಳೆ, ಸುಮ್ಮನಿದ್ದರೆ ಒಬ್ಬ. ಸುಮ್ಮನಿರುವುದನ್ನು ಅವರು ಈಗಾಗಲೇ ಮಾಡಿ ನೋಡಿಯಾಗಿತ್ತು.

"ನಾನೇ ಇಟ್ಟದ್ದು," ಎಂದರು.

ಸಮ್ಮೇದ್ ಬೆಚ್ಚಿದ. ಆ ಬಾಯಿಯಿಂದ ಸುಳ್ಳು ಬಂದದ್ದನ್ನು ಅವನು ಕೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಅಜ್ಜಿಯ ತುಟಿ ನಡುಗುತ್ತಿತ್ತು, ಸುಟ್ಟುಕೊಂಡವರಂತೆ.

ಧರ್ಣಪ್ಪ ಏನೋ ಕೇಳಲು ಹೊರಟರು. ಅದಕ್ಕೂ ಮೊದಲೇ ಅನಿಷಾ ಸ್ಕೂಟರಿನಿಂದ ಇಳಿದು, ಅಂಗಳದ ನಡುವಿಗೆ ಬಂದು, ಹೆಲ್ಮೆಟ್ ತೆಗೆದಳು. ಮುಖ ಅತ್ತು ಊದಿತ್ತು.

"ಇಲ್ಲ ಸರ್. ಅಜ್ಜಿ ನನಗೋಸ್ಕರ ಸುಳ್ಳು ಹೇಳುವುದು. ಇಟ್ಟದ್ದು ನಾನು."

ಅವಳು ಅಜ್ಜಿಯನ್ನು ನೋಡಲಿಲ್ಲ. ಓಮ್ನಿಯ ಬಳಿ ನಿಂತಿದ್ದ ಮೂವರು ಗಂಡಸರತ್ತ ನೋಡಿದಳು; ಅವಳ ಕಣ್ಣು ಗಂಡನ ಮೇಲೆ ನಿಂತಿತು.

"ಇಡಲಿಕ್ಕೆ ಹೇಳಿದವರೂ ಇಲ್ಲೇ ನಿಂತಿದ್ದಾರೆ," ಎಂದಳು.